ಎರಡು ಊರು, ಎರಡು ಏಕಾದಶಿ

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮಗಳು ರೂಮ್‌ಮೇಟಿನ ಮನೆಗೆ ಹೋಗುತ್ತೇನೆಂದಳು. ಸ್ಯಾನ್ ಹೊಸೆಯ ಮನೆಯಲ್ಲಿ ನಾವಿಬ್ಬರೇ ಉಳಿದೆವು. ರಜೆಯೆಂದು ಸುಮ್ಮನೆ ಕೂರುವ ಜಾಯಮಾನ ನಮ್ಮವರದಲ್ಲ.

"ಪ್ರಾಗ್, ವಿಯೆನ್ನಾ ನೋಡ್ಕೊಂಡ್ ಬರೋಣ. ಹಳೇ ಊರುಗಳು, ನಿಂಗೆ ಇಷ್ಟ ಆಗತ್ತೆ," ಎಂದರು.

ಅರ್ಧ ರಜೆ ವಿಮಾನದಲ್ಲೇ ಕಳೆಯುತ್ತದೆ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಕೊನೆಗೆ ಒಂದೇ ಒಂದು ಕೇಳಿಕೊಂಡೆ. ಒಂದು ಹೊತ್ತು ಇಬ್ಬರೂ ಎದುರುಬದುರು ಕೂತು, ಅವಸರವಿಲ್ಲದೆ ಊಟ ಮಾಡಬೇಕು. ಅವರ ಮಧ್ಯಾಹ್ನದ ಊಟ ಪಾಲೋ ಆಲ್ಟೋದ ಆಫೀಸಿನಲ್ಲಿ. ರಾತ್ರಿ ನಾನು ಒಲೆಯ ಮುಂದೆ, ಅವರು ಫೋನಿನ ಮುಂದೆ.

ಅದನ್ನು ಅವರು ಮನಸ್ಸಿಟ್ಟೇ ಮಾಡಿದರು, ಸುಳ್ಳು ಹೇಳಬಾರದು. ವಿಯೆನ್ನಾದ ಹಳೆಯ ಪೇಟೆಯ ಸಸ್ಯಾಹಾರಿ ಹೋಟೆಲಿಗೆ ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಮೊಟ್ಟೆ ಬೇಡವೆಂದು ಈಮೇಲ್ ಮೇಲೆ ಈಮೇಲ್ ಬರೆದು ಶನಿವಾರ ಮಧ್ಯಾಹ್ನಕ್ಕೆ ಟೇಬಲ್ ಹಿಡಿದರು. ಸ್ಯಾನ್ ಹೊಸೆಯ ನಮ್ಮ ದೇವಸ್ಥಾನದ ಕ್ಯಾಲೆಂಡರಿನಲ್ಲಿ ಏಕಾದಶಿ ಶುಕ್ರವಾರ. ಶನಿವಾರ ಬೆಳಗ್ಗೆ ಪಾರಣೆ ಮಾಡಿ ಉಪವಾಸ ಮುಗಿಸಿದರೆ ಊಟಕ್ಕೆ ಅಡ್ಡಿಯಿಲ್ಲ. ದೇವರೇ ಹೊಂದಿಸಿಕೊಟ್ಟ ಎಂದುಕೊಂಡೆ.

ಶುಕ್ರವಾರ ಪ್ರಾಗ್‌ನಲ್ಲಿ ಬರೀ ನೀರು ಕುಡಿದು ನಡೆದೆ. ಕಲ್ಲು ಹಾಸಿದ ಏರುಬೀದಿ, ಮೇಲೆ ಕೋಟೆ. ನಮ್ಮವರು ಫೋನ್ ನೋಡಿಕೊಂಡು ಪ್ರತಿ ಕಟ್ಟಡಕ್ಕೂ ನಿಲ್ಲುವರು. ಇದು ಗಾಥಿಕ್, ಅದು ಬರೋಕ್. ನನಗೆ ಎಲ್ಲವೂ ಚಳಿ. ಹಸಿವಾದಾಗ ಅವರು ಬೆನ್ನು ತಿರುಗಿಸಿ ನಿಂತು ಬ್ರೆಡ್ ತಿಂದರು. ಬೆನ್ನು ತಿರುಗಿಸಿದರೆ ಬೆಣ್ಣೆಯ ವಾಸನೆಯೂ ತಿರುಗುತ್ತದೆಯೇ? ಸಂಜೆ ಒಂದು ಚರ್ಚಿನೊಳಗೆ ಕೂತು ಜಪ ಮಾಡಿದೆ. ಯಾರೂ ಏನೂ ಕೇಳಲಿಲ್ಲ, ಒಳಗೆ ಬೆಚ್ಚಗಿತ್ತು. ದೇವರು ಅಷ್ಟಾದರೂ ಕೊಟ್ಟನಲ್ಲ ಎಂದು ಕೈಮುಗಿದೆ. ನಾಳೆ ಮಧ್ಯಾಹ್ನ ಊಟವಿದೆ ಎನ್ನುವುದೊಂದೇ ಕಾಲಿಗೆ ಬಲ.

ಮರುದಿನ ಹೋಟೆಲಿನಲ್ಲೇ ಸ್ನಾನ ಮುಗಿಸಿ ವಿಯೆನ್ನಾದ ರೈಲು ಹತ್ತಿದೆವು. ಪಾರಣೆಗೆಂದು ಮೊಸರವಲಕ್ಕಿಯ ಡಬ್ಬಿ ತೆರೆದಾಗ ಫೋನ್ ಸದ್ದು ಮಾಡಿತು. ಕುಟುಂಬದ ವಾಟ್ಸ್ಯಾಪ್ ಗ್ರೂಪಿಗೆ ಉಡುಪಿಯಿಂದ ಅಕ್ಕ ಇವತ್ತು ಏಕಾದಶಿ ಎಂದು ಹಾಕಿದ್ದಳು.

"ಊರಲ್ಲಿ ಇವತ್ತಂತೆ," ಎಂದೆ.

"ಅಲ್ಲಿಗೂ ಇಲ್ಲಿಗೂ ಎಷ್ಟೋ ಸಲ ಒಂದು ದಿನ ಹೆಚ್ಚುಕಮ್ಮಿ ಇರತ್ತಲ್ಲ. ನೀನು ತಿನ್ನು ಮಾರಾಯ್ತಿ."

"ಇಲ್ಲಿ ಅಂದ್ರೆ ಯಾವ ಇಲ್ಲಿ ರೀ?"

ಅನುಮಾನ ಕಳೆಯಲೆಂದು ಅವರೇ ಪಂಚಾಂಗದ ಆ್ಯಪಿನಲ್ಲಿ ಊರನ್ನು ವಿಯೆನ್ನಾಕ್ಕೆ ಬದಲಿಸಿದರು. ನೋಡಿ, ಫೋನ್ ಮಗುಚಿ ತೊಡೆಯ ಮೇಲಿಟ್ಟುಕೊಂಡರು.

"ಏನಂತೆ?"

"ಇವತ್ತು. ಥತ್, ನೋಡ್ಲೇಬಾರ್ದಿತ್ತು."

ನಾವು ಯಾವ ನೆಲದ ಮೇಲಿದ್ದೇವೋ ಅಲ್ಲಿ ಸೂರ್ಯ ಹುಟ್ಟುವುದನ್ನು ನೋಡಿ ತಿಥಿ ಹಿಡಿಯಬೇಕು. ನಾನೋ ಸ್ವೆಟರು, ಅವಲಕ್ಕಿಯ ಜೊತೆ ತಿಥಿಯನ್ನೂ ಸ್ಯಾನ್ ಹೊಸೆಯಿಂದಲೇ ಕಟ್ಟಿಕೊಂಡು ಬಂದಿದ್ದೆ. ಡಬ್ಬಿ ಮುಚ್ಚಿದೆ.

"ನಿನ್ನೆ ಪೂರ್ತಿ ಉಪವಾಸ ಮಾಡಿದೀಯ. ಆ ಕ್ರೆಡಿಟ್ ಇರತ್ತೆ ಬಿಡು."

"ಇದೇನು ನಿಮ್ಮ ಏರ್‌ಲೈನ್ ಪಾಯಿಂಟ್ಸಾ?"

"ನಿನ್ನ ದೇವ್ರಿಗೂ ಜೆಟ್ ಲ್ಯಾಗ್ ಆಗಿದೆ."

ಕಿಟಕಿಯ ಕಡೆ ತಿರುಗಿ ಕೂತೆ. ಮದುವೆಯಾದಾಗಿನಿಂದ ಬಿಡದ ವ್ರತ. ಬಾಣಂತನದಲ್ಲಿ ಹಿರಿಯರೇ ಬೇಡವೆಂದಾಗ ಮಾತ್ರ ಬಿಟ್ಟಿದ್ದೆ. ಆಸೆಪಟ್ಟು ಕೇಳಿದ್ದು ಒಂದೇ ಊಟ. ಅದೂ ಇದೇ ದಿನಕ್ಕೆ ಬಂದು ಬೀಳಬೇಕೇ? ಭಾನುವಾರ ಆ ಹೋಟೆಲಿಗೆ ರಜೆ, ನಮಗೆ ವಿಮಾನ. ದೇವರ ಮೇಲೆ ಸಿಟ್ಟು ಮಾಡುವಂತಿಲ್ಲವೆಂದು ಅದನ್ನೂ ಗಂಡನ ಮೇಲೆಯೇ ಮಾಡಿದೆ.

ಆದರೂ ಹೋದೆವು. ಅಷ್ಟು ಹೇಳಿ ಮಾಡಿಸಿದ ಅಡುಗೆ, ಬರುವುದಿಲ್ಲವೆನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ನಾನು ಬಿಸಿನೀರು ಕೇಳಿದೆ. ಬಡಿಸುವ ಹುಡುಗಿ ಗಾಬರಿಯಾಗಿ, ಅಡುಗೆಯಲ್ಲಿ ಏನಾದರೂ ತಪ್ಪಾಯಿತೇ ಎಂದಳು. ನಮ್ಮವರು ಇಂಗ್ಲಿಷಿನಲ್ಲಿ, "ಇವಳಿಗೆ ಉಪವಾಸ. ನಿನ್ನೆ ಮಾಡಿದ್ದು ರಿಹರ್ಸಲ್," ಎಂದರು. ನಗು ಬಂತು; ತುಟಿ ಕಚ್ಚಿ ತಡೆದೆ. ಅಷ್ಟು ಸುಲಭಕ್ಕೆ ನಗುವ ಮನಸ್ಸಿರಲಿಲ್ಲ.

ಸೂಪು ಮುಗಿಸಿ ಅವರು ಚಮಚ ಕೆಳಗಿಟ್ಟರು. "ಒಬ್ನೇ ತಿನ್ನಕ್ಕಾಗಲ್ಲ ಕಣೆ."

"ಅನ್ನ ಬಿಡ್ಬೇಡಿ. ತಿನ್ನಿ. ಹೇಗಿದೆ ಹೇಳಿ."

"ಕುಂಬಳಕಾಯಿ. ಉಪ್ಪು ಸಾಲ್ದು. ಮೇಲೇನೋ ಬೀಜ ಹುರಿದು ಹಾಕಿದಾರೆ, ಅದು ಚೆನ್ನಾಗಿದೆ."

ಆಮೇಲೆ ಬಂದ ಒಂದೊಂದನ್ನೂ ಅಗಿದು, ಯೋಚಿಸಿ, ವರದಿ ಒಪ್ಪಿಸಿದರು. ಬೀಟ್‌ರೂಟು ಮಣ್ಣುಮಣ್ಣು. ಆಲೂಗೆಡ್ಡೆ ಬೆಣ್ಣೆಯ ಹಾಗೆ. ಕೇಳುತ್ತ ಹೊಟ್ಟೆಯ ಉರಿ ತಲೆಗೇರಿತು. ನನ್ನ ಸಾರಿನ ಬಗ್ಗೆ ಇವರು ಒಂದು ದಿನವೂ ಇಷ್ಟು ಮಾತಾಡಿದವರಲ್ಲ.

"ಈ ಬಾಯಿ ಮನೇಲಿ ಎಲ್ಲಿ ಇಟ್ಟಿರ್ತೀರಿ?"

"ಮನೇಲಿ ನೀನೆಲ್ಲಿ ಎದುರಿಗೆ ಕೂತ್ಕೋತೀಯ? ಬಡಿಸಿ ಒಲೆ ಹತ್ರ ಹೋಗ್ತೀಯ. ನಾನು ಊಟ ಮುಗಿಸಿ ಎದ್ದ ಮೇಲೆ ತಿಂತೀಯ. ನಿಮ್ಮಮ್ಮನ ಹಾಗೆ."

ನಿಜವೇ. ನನಗೆ ಯಾರೂ ಹೇಳಿದ್ದಲ್ಲ, ನಾನೇ ಹಿಡಿದುಕೊಂಡ ಪದ್ಧತಿ. ಆದರೆ ಖಾಲಿ ಹೊಟ್ಟೆಯಲ್ಲಿ ಕೂತು ಇದನ್ನು ಅವರ ಬಾಯಿಂದ ಕೇಳಬೇಕಾಯಿತಲ್ಲ ಎಂದು ಇನ್ನಷ್ಟು ಕಸಿವಿಸಿಯಾಯಿತು. ಹುಡುಗಿ ಮತ್ತೊಂದು ತಟ್ಟೆ ತಂದಿಟ್ಟು ಹೋದಳು.

"ಆ ಹಸಿರು ಏನದು?" ಎಂದೆ. "ನಿಧಾನಕ್ಕೆ ತಿಂದು ಹೇಳಿ."