ಕಿವಿ ಕೊಯ್ದ ಹಾಳೆಗಳು

ಪರಮಣ್ಣ ಮಾಸ್ತರರು ನನ್ನ ಅಂಗಡಿಗೆ ಮೊದಲ ಸಲ ಬಂದಾಗ ಕುರ್ಚಿ ತೋರಿಸಿದರೂ ಕೂರಲಿಲ್ಲ. ಮೇಜಿನ ಹಿಂದೆ ಹೋಗಿ, ಮಂಡಿ ಹಿಡಿದುಕೊಂಡು ಬಗ್ಗಿ, ಕಂಪ್ಯೂಟರಿನ ಒಂದೊಂದು ವೈರನ್ನೂ ಬೆರಳಿನಿಂದ ಸವರುತ್ತ ಗೋಡೆಯ ತನಕ ಹೋದರು.

“ಈ ನೀಲಿ ವೈರು ಎಲ್ಲಿಗೆ ಹೊಂಟದ?”

“ನೆಟ್ಟಿನ ವೈರ್ರೀ ಅದು.”

“ಅದನ್ನ ಕಿತ್ತಿಡ್ರಿ. ಆಮ್ಯಾಲೆ ಮಾತಾಡೂಣು.”

ರಾಯಚೂರಿನ ತೀನ್ ಕಂದೀಲಿನ ಹತ್ತಿರ ಗಲ್ಲಿಯೊಂದರಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ನನ್ನ ಹೆಸರು ವಿಶಾಖಾ, ಊರು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್. ಲಗ್ನಪತ್ರಿಕೆಯಿಂದ ಕವನ ಸಂಕಲನದವರೆಗೆ ಎಲ್ಲ ಟೈಪ್ ಮಾಡಿದ್ದೇನೆ. ಬರೆಯುವವರು ಸಂಶಯದ ಪ್ರಾಣಿಗಳು ಎಂಬುದು ನನಗೆ ಹೊಸದಲ್ಲ. ಒಬ್ಬರ ಪದ್ಯ ಟೈಪ್ ಮಾಡುವಾಗ ಇನ್ನೊಬ್ಬರು ಒಳಗೆ ಬಂದರೆ ಪರದೆ ಆರಿಸು ಎನ್ನುತ್ತಾರೆ. ಆದರೆ ವೈರಿನ ಮೇಲೂ ಗುಮಾನಿ ಪಟ್ಟವರು ಇವರೊಬ್ಬರೇ.

ಊರು ಕೇಳಿದರು, ಹೇಳಿದೆ. “ಹಿರೇಕೊಟ್ನೆಕಲ್ಲಾಗ ಯಾವ ಓಣಿ?” ಎಂದರು. ಆ ಪ್ರಶ್ನೆಗೆ ನನ್ನ ಮೈ ಉರಿಯುತ್ತದೆ. ಓಣಿ ಕೇಳುವವರು ಸಾಮಾನ್ಯವಾಗಿ ಓಣಿ ತಿಳಿಯಲಿಕ್ಕೆ ಕೇಳಿರುವುದಿಲ್ಲ.

“ಯಾಕ್ರೀ ಸರ್ರ, ಓಣಿ ನೋಡಿ ಟೈಪ್ ಮಾಡಿಸ್ತೀರೇನು?”

ಅವರು ಗಾಬರಿಯಾಗಿ ಎರಡೂ ಕೈ ಆಡಿಸಿದರು. ತಾವು ಅಲ್ಲಿ ಆರು ವರ್ಷ ಮಾಸ್ತರಿಕೆ ಮಾಡಿದ್ದಾಗಿಯೂ, ಅಲ್ಲಿ ಕನಕರಾಜ ಎಂಬ ಕತೆಗಾರನೊಬ್ಬ ಇದ್ದಾನೆಂದೂ, ನಾನು ಅವನ ಮನೆಯ ಕಡೆಯವಳಾಗಿದ್ದರೆ ತಮ್ಮ ಪುಸ್ತಕ ಮುದ್ರಣಕ್ಕೆ ಮುಂಚೆಯೇ ಅವನ ಕೈ ಸೇರುತ್ತದೆಂದೂ ಹೇಳಿದರು. ನಂಬಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಅವರಿಗೆ ನನ್ನ ಮೇಲೆ, ನನಗೆ ಅವರ ಮೇಲೆ ಅನುಮಾನ. ನಮ್ಮ ವ್ಯವಹಾರ ಶುರುವಾದದ್ದು ಹೀಗೆ.

ಮಾಸ್ತರರ ಹುಟ್ಟೂರು ದೇವದುರ್ಗ ತಾಲೂಕಿನ ಜಾಲಹಳ್ಳಿ, ಕುರಿ ಕಾಯುವ ಮನೆತನ. ನಿವೃತ್ತಿಯಾಗಿ ಎಂಟು ವರ್ಷ, ಈಗ ದೇವದುರ್ಗದಲ್ಲಿ ಮಗಳು ಪ್ರಿಯದರ್ಶಿನಿಯ ಮನೆಯಲ್ಲಿದ್ದಾರೆ. ತಮ್ಮ ಜೀವನ ಬರೆಯುತ್ತಿದ್ದರು. ತೊಂದರೆ ಏನೆಂದರೆ ಬರೆದದ್ದು ನೆನಪಿರುವುದಿಲ್ಲ. ಮೊದಲ ನೌಕರಿಯ ದಿನವನ್ನು ಮೂರು ಕಡೆ ಬರೆದಿದ್ದರು, ಮೂರರಲ್ಲೂ ಬಸ್ಸಿನ ಹೊತ್ತು ಬೇರೆ ಬೇರೆ. ಪೆನ್ನು ಹಿಡಿದ ಕೂಡಲೇ ಮೊಬೈಲ್ ಕೂಗುತ್ತದೆ, ಮನಸ್ಸು ಹರಿದು ಹೋಗುತ್ತದೆ. ಬರೆಯುವವರನ್ನು ಹದ್ದುಬಸ್ತಿನಲ್ಲಿಡುವ ಸಾಫ್ಟ್‌ವೇರ್ ಬಂದಿವೆ ಎಂದು ಮಗಳು ಹೇಳಿದಳಂತೆ. ಅಂಥದ್ದೊಂದನ್ನು ಆರಿಸಿ, ಕಲಿಸಿ, ಈವರೆಗೆ ಬರೆದದ್ದನ್ನು ಅದರೊಳಗೆ ತುಂಬಿಕೊಡುವುದು ನನ್ನ ಕೆಲಸ.

ಅಂದಿನಿಂದ ಪ್ರತಿ ಗುರುವಾರ ಹತ್ತರ ಬಸ್ಸಿಗೆ ಬಂದು ಪರೀಕ್ಷೆ ಮಾಡಿದರು. ಸಂತೆಯಲ್ಲಿ ಟಗರಿನ ಹಲ್ಲು ನೋಡುವವರೂ ಇಷ್ಟು ನೋಡುವುದಿಲ್ಲ.

ಮೊದಲನೆಯದು ಪುಕ್ಕಟೆ ಸಿಗುವಂಥದ್ದು. ಬರೆದದ್ದು ತಾನಾಗಿ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಜಮಾ ಆಗುತ್ತದೆ, ಯಾವ ಊರಿನಲ್ಲಿ ಕೂತರೂ ತೆರೆಯಬಹುದು ಎಂದೆ. ಮಾಸ್ತರರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು: ಜಾಲಹಳ್ಳಿಯ ನನ್ನ ಹೊಲದಲ್ಲಿ ಬಂಗಾರದ ಕೊಡ ಸಿಕ್ಕಿದೆ. ಮುಂದಿನ ವಾರ ಬಂದು ಮೊಬೈಲನ್ನು ನನ್ನ ಮೂಗಿಗೆ ಹಿಡಿದರು. ಅದರಲ್ಲಿ ಬಂಗಾರದ ಮೇಲೆ ಸಾಲ ಕೊಡುವ ಜಾಹೀರಾತಿತ್ತು.

“ಹೆಂಗ ಗೊತ್ತಾತ್ರಿ ಇವರಿಗೆ?”

“ಅದು ಎಲ್ಲಾರಿಗೂ ಬರತದ ಸರ್ರ. ನನಗೂ ಬರತದ.”

“ನೀವೂ ಓದೀರಲ್ಲ ನಾ ಬರದಿದ್ದು” ಎಂದರು. ಅಲ್ಲಿಗೆ ಅದು ಮುಗಿಯಿತು.

ಎರಡನೆಯದು ದಿನಕ್ಕೆ ಎಷ್ಟು ಪದ ಬರೆದಿರಿ ಎಂದು ಲೆಕ್ಕ ತೋರಿಸುತ್ತಿತ್ತು, ಸುಮ್ಮನೆ ಕೂತರೆ ಮುಂದಿನ ಸಾಲನ್ನೂ ತಾನೇ ಸೂಚಿಸುತ್ತಿತ್ತು. ‘ನಮ್ಮ ತಂದೆ’ ಎಂದು ಬರೆದು ನಿಂತರು. ‘ಬಹಳ ಶಿಸ್ತಿನ ಮನುಷ್ಯ’ ಎಂದು ಅದು ತಿಳಿ ಬಣ್ಣದಲ್ಲಿ ಮುಂದುವರಿಸಿತು. ಮಾಸ್ತರರು ಬೆಂಕಿ ಮುಟ್ಟಿದವರಂತೆ ಕೈ ತೆಗೆದರು. “ನಮ್ಮಪ್ಪನ್ನ ಇದು ಯಾವಾಗ ನೋಡಿತ್ತು?” ಎಂದು ಕೇಳಿದರು. ನಿಜ ಹೇಳಬೇಕೆಂದರೆ ಅದು ನನಗೂ ಸರಿಬಂದಿರಲಿಲ್ಲ.

ಮೂರನೆಯದು ದುಡ್ಡು ಕೊಟ್ಟು ಕೊಳ್ಳುವಂಥದ್ದು, ನೆಟ್ಟು ಬೇಕಿಲ್ಲ. ಒಂದು ಗುಂಡಿ ಒತ್ತಿದರೆ ಪರದೆಯ ಮೇಲಿನ ಎಲ್ಲ ಮಾಯವಾಗಿ ಬರೆಯುವ ಹಾಳೆಯೊಂದೇ ಉಳಿಯುತ್ತದೆ. ಇನ್ನೊಂದು ಗುಂಡಿಗೆ ಪ್ರತಿ ಪ್ರಸಂಗವೂ ಒಂದೊಂದು ಚೀಟಿಯಾಗಿ ಹಲಗೆಯ ಮೇಲೆ ಸಾಲಾಗಿ ನಿಲ್ಲುತ್ತದೆ. ಚೀಟಿಯನ್ನು ಎಳೆದು ಎಲ್ಲಿ ಬೇಕಾದರೂ ಇಡಬಹುದು. ಮಾಸ್ತರರು ಚೀಟಿಗಳನ್ನು ಹಿಂದೆ ಮುಂದೆ ಓಡಿಸಿ ನೋಡಿದರು. ಮೊದಲ ಸಲ ಅವರ ಮುಖ ಸಡಿಲವಾಯಿತು. “ಹಿಂಡು ಇದ್ದಂಗದ” ಎಂದರು.

ಮರುವಾರ ಒಂದು ಬಟ್ಟೆಯ ಗಂಟು ತಂದರು. ನೂರಾ ಅರವತ್ತನಾಲ್ಕು ಹಾಳೆ. ಅದರ ಗಂಟು ಬಿಚ್ಚಲು ನನಗೆ ಕಾಲು ತಾಸು ಬೇಕಾಯಿತು.

“ನಮ್ಮಕ್ಕ ಬೂದೆಮ್ಮ ಕಟ್ಯಾಳ. ಜಾಲಹಳ್ಳ್ಯಾಗ ಅಕಿ ಟ್ರಂಕಿನ್ಯಾಗ ಇಟ್ಟಿದ್ದೆ ಇಷ್ಟು ದಿನ. ಅಕಿಗೆ ಓದಾಕ ಬರಂಗಿಲ್ಲ, ಭದ್ರ ಇರತಾವ” ಎಂದರು.

ಹಾಳೆಗಳನ್ನು ಸ್ಕ್ಯಾನ್ ಮಾಡಿ ಸಂಜೆಗೇ ಅವರ ಕೈಗೆ ಕೊಟ್ಟುಬಿಡಬೇಕು, ಅಂಗಡಿಯಲ್ಲಿ ಇಟ್ಟುಕೊಳ್ಳಕೂಡದು ಎಂದು ಕರಾರು ಮಾಡಿ ಕಣ್ಣು ತೋರಿಸಲು ಹೋದರು. ನಾನು ಹಾಳೆಗಳನ್ನು ಕುಟ್ಟಿ ಸರಿಮಾಡಿದೆ. ಬಹಳಷ್ಟರ ಮೂಲೆ ಹರಕುಮುರುಕು. ಒಂದಕ್ಕೆ ಎಡಗಡೆ ಓರೆಯಾಗಿ ಕತ್ತರಿಸಿದೆ, ಇನ್ನೊಂದಕ್ಕೆ ಬಲಗಡೆ ಅರ್ಧಚಂದ್ರ, ಅಂಚಿನಲ್ಲಿ ಅಲ್ಲಲ್ಲಿ ಕಚ್ಚು. ಇಲಿ ಕಡಿದಿರಬೇಕು ಎಂದುಕೊಂಡೆ. ಅಂಥ ಹಾಳೆ ಸ್ಕ್ಯಾನರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಟಿಂಗ್ ಮಷೀನಿಗೆ ಹಾಕಿ ನಾಲ್ಕೂ ಕಡೆ ಒಂದೊಂದು ಬೆರಳಗಲ ತೆಗೆದೆ. ಹೊಸ ಪುಸ್ತಕದ ಹಾಗೆ ಕಂಡಿತು. ಕತ್ತರಿಸಿದ ಚೂರುಗಳನ್ನು ಕಸದ ಗಾಡಿಗೆ ಸುರಿದೆ.

ಸಂಜೆ ಮಾಸ್ತರರು ಬಂದು ಕಟ್ಟನ್ನು ನೋಡಿದರು. ಅಂದು ಕುರ್ಚಿಯ ಮೇಲೆ ಕೂತರು.

“ಯಾರು ಹೇಳಿದ್ರು ನಿಮಗ ಕಿವಿ ಕೊಯ್ಯಾಕ?” ಎಂದರು. “ಕನಕರಾಜ ಬಂದಿದ್ನೇನು ಇಲ್ಲಿಗೆ?”

ಆಮೇಲೆ ತಿಳಿಯಿತು. ಕುರಿ ಕಾಯುವ ಮನೆಗಳಲ್ಲಿ ಮರಿಯ ಕಿವಿಯನ್ನು ತಮ್ಮದೇ ಒಂದು ರೀತಿಯಲ್ಲಿ ಕೊಯ್ದು ಗುರುತು ಮಾಡುತ್ತಾರೆ. ಎರಡು ಹಿಂಡು ಬೆರೆತರೂ ಕಿವಿ ನೋಡಿ ಬೇರ್ಪಡಿಸಬಹುದು. ಮಾಸ್ತರರು ತಮ್ಮ ಹಾಳೆಗಳಿಗೂ ಅದನ್ನೇ ಮಾಡಿದ್ದರು. ಎಡ ಮೂಲೆ ಬಾಲ್ಯಕ್ಕೆ, ಬಲ ಮೂಲೆ ನೌಕರಿಗೆ, ಕಚ್ಚುಗಳ ಎಣಿಕೆ ಅಧ್ಯಾಯಕ್ಕೆ. ಒಂದು ಹಾಳೆಗೂ ಅಂಕಿ ಹಾಕಿರಲಿಲ್ಲ. ಸಾಲದ್ದಕ್ಕೆ, ನಾನು ಸಾಲಾಗಿ ಓದಿಬಿಟ್ಟೇನು ಎಂಬ ಅನುಮಾನದಿಂದ ಗಂಟು ಕಟ್ಟಿಸುವ ಮೊದಲು ಅಷ್ಟನ್ನೂ ಇಸ್ಪೀಟಿನ ಎಲೆಯ ಹಾಗೆ ಕಲೆಸಿದ್ದರು. ಮೂಲೆ ನೋಡಿ ಹತ್ತು ನಿಮಿಷದಲ್ಲಿ ಜೋಡಿಸಿಕೊಳ್ಳಬಹುದು ಎಂಬ ಧೈರ್ಯವಿತ್ತು.

“ಒಂದು ನಂಬರ್ ಹಾಕಿದ್ರ ಏನಾಗ್ತಿತ್ರಿ?” ಎಂದು ನಾನೂ ಜೋರಾಗಿಯೇ ಕೇಳಿದೆ.

“ನಂಬರ್ ಎಲ್ಲಾರಿಗೂ ಓದಾಕ ಬರತದ” ಎಂದರು. ಅರವತ್ತೆಂಟರ ಮುದುಕರ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಸಿಟ್ಟೂ ಬಂತು, ಮರುಕವೂ ಆಯಿತು. ಕತ್ತರಿಸಿದವಳು ನಾನೇ ಅಲ್ಲವೇ. ಜೋಡಿಸಿಕೊಡುತ್ತೇನೆ ಎಂದು ಮಾತು ಕೊಟ್ಟೆ.

ಸ್ಕ್ಯಾನ್ ಮಾಡಿಟ್ಟಿದ್ದ ಒಂದೊಂದು ಹಾಳೆಯನ್ನೂ ಪರದೆಯ ಮೇಲೆ ಓದಿ, ಅದರಲ್ಲಿರುವುದನ್ನು ಒಂದು ಸಾಲಿನಲ್ಲಿ ಬರೆದು, ಒಂದೊಂದು ಚೀಟಿ ಮಾಡಿದೆ. ಇಸವಿ ಇದ್ದವು ಮೊದಲು ನಿಂತವು. ಊರಿನ ಹೆಸರು, ಹೆಡ್ಮಾಸ್ತರರ ಹೆಸರು, ಅರ್ಧಕ್ಕೆ ನಿಂತ ವಾಕ್ಯ, ಹೀಗೆ ಒಂದನ್ನು ಹಿಡಿದು ಇನ್ನೊಂದನ್ನು ಹುಡುಕಿದೆ. ಒಂದೇ ಪ್ರಸಂಗದ ಹಾಳೆಗಳನ್ನು ಒಂದು ಚೀಟಿಯಾಗಿ ಕೂಡಿಸಿದೆ. ತಿಂಗಳೊಪ್ಪತ್ತಿನಲ್ಲಿ ಹಿಂಡು ಸಾಲಿಗೆ ಬಂತು. ಮಾಸ್ತರರ ಬದುಕನ್ನು ಅವರಿಗಿಂತ ಹೆಚ್ಚು ತಿಳಿದವಳಾದೆ. ಅಕ್ಕನನ್ನು ತಮಾಷೆ ಮಾಡಿ ಬರೆದ ಹಾಳೆಯೊಂದನ್ನು ಓದಿ ನಕ್ಕೆ: ‘ಅವಳು ಏನೇ ಕಟ್ಟಲಿ, ಗಂಟನ್ನು ಮೂರು ಸಲ ಎಳೆದು ನೋಡುತ್ತಾಳೆ. ಇಂಥ ಸಂಶಯದ ಹೆಂಗಸನ್ನು ನಾನು ಕಂಡಿಲ್ಲ.’ ಹೇಳುವವರು ಯಾರು ನೋಡಿ ಎಂದುಕೊಂಡೆ.

ಆದರೆ ಹಲಗೆಯ ಮೇಲೆ ಎರಡು ಚೀಟಿ ಒಂದರ ಪಕ್ಕ ಒಂದು ಬಂದು ನಿಂತು ನನ್ನ ನಗೆ ನಿಲ್ಲಿಸಿದವು. ಎರಡೂ ಒಂದೇ ಬೇಸಿಗೆಯವು. ಒಂದರಲ್ಲಿ, ಓದಿನಲ್ಲಿ ಆಸಕ್ತಿಯಿಲ್ಲದೆ ಅಕ್ಕ ಒಂದನೇ ಇಯತ್ತೆಗೇ ಶಾಲೆ ಬಿಟ್ಟಳು ಎಂದಿತ್ತು. ಇನ್ನೊಂದು ಒಂಬತ್ತು ಹಾಳೆಯ ಪ್ರಸಂಗ. ಇಬ್ಬರಲ್ಲಿ ಒಬ್ಬರು ಮಾತ್ರ ಶಾಲೆಗೆ, ಇನ್ನೊಬ್ಬರು ಕುರಿಯ ಹಿಂದೆ ಎಂದು ಅಪ್ಪ ತೀರ್ಮಾನಿಸಿದ್ದು. ಹುಡುಗಿ ಜಾಣೆ, ಅವಳನ್ನೇ ಕಳಿಸು ಎಂದು ಶಾಲೆಯ ಮಾಸ್ತರರು ಹಟ್ಟಿಗೆ ಬಂದು ಹೇಳಿದ್ದು. ಆ ಸಂಜೆ ಬೂದೆಮ್ಮ ಕಟ್ಟಿದ್ದ ಮರಿಯ ಹಗ್ಗವನ್ನು ಒಂಬತ್ತು ವರ್ಷದ ಪರಮಣ್ಣ ಸಡಿಲಿಸಿದ್ದು. ಬೆಳಗಾದರೆ ಮರಿಯನ್ನು ತೋಳ ಒಯ್ದಿತ್ತು. ಗಂಟು ಹಾಕಲು ಬಾರದವಳಿಗೆ ಓದು ಯಾಕೆ ಎಂದು ಅಪ್ಪ ಅವಳ ಪಾಟಿ ಒಡೆದದ್ದು.

ಗುರುವಾರ ಮಾಸ್ತರರು ಹಲಗೆ ನೋಡುತ್ತ ನೋಡುತ್ತ ಅಲ್ಲಿಗೆ ಬಂದು ನಿಂತರು. ಆ ಒಂಬತ್ತಕ್ಕೆ ತಾವು ಕಿವಿ ಕೊಯ್ದಿರಲಿಲ್ಲ, ಅವು ಹಿಂಡಿಗೆ ಸೇರಿದವಲ್ಲ, ನಾನು ಎಲ್ಲ ಮೂಲೆ ಕತ್ತರಿಸಿದ್ದರಿಂದ ಅವನ್ನು ಬೇರ್ಪಡಿಸಲು ಆಗದೆ ಹೋಯಿತು ಎಂದರು.

“ತಗದುಬಿಡ್ರಿ ತಂಗಿ.”

“ಎರಡರಾಗ ಒಂದು ಸುಳ್ಳು ಅದ ಸರ್ರ. ಯಾವುದು ತಗೀಲಿ?”

ಅವರು ಮುಖ ತಿರುಗಿಸಿದರು. ನನಗೆ ಹೇಳಲಾಗದಷ್ಟು ಸಿಟ್ಟು ಬಂತು. ನಮ್ಮವ್ವ ಮೂಕಮ್ಮ ಕೂಲಿಗೆ ಹೋಗುತ್ತ ಶಾಲೆಯ ಕಿಟಕಿಯ ಹೊರಗೆ ನಿಂತು ಕೇಳಿ ಕಲಿತ ಎರಡು ಮಗ್ಗಿಯನ್ನು ಮುದುಕಿಯಾದರೂ ಹೇಳಿಕೊಳ್ಳುತ್ತಿದ್ದಳು. ಕೀಲಿಮಣೆಯನ್ನು ಅವರ ಕಡೆ ತಿರುಗಿಸಿದೆ. “ನಾ ಅಳಸಂಗಿಲ್ಲ. ನೀವೇ ಅಳಸ್ರಿ.”

ಅವರ ಬೆರಳು ಗುಂಡಿಯ ಮೇಲೆ ನಿಂತಿತು. “ಅಳಿಸಿದ್ರ ಖರೇನೂ ಹೋಗತದೇನು?” ಎಂದರು.

“ಇದರಾಗಿಂದ ಹೋಗತದ. ನಾ ಓದಿಬಿಟ್ಟೀನಿ.”

ಎದ್ದು ಹೋದರು. ಎರಡು ಗುರುವಾರ ಬರಲಿಲ್ಲ. ಪುಸ್ತಕ ಅಲ್ಲಿಗೇ ನಿಂತಿತು ಎಂದುಕೊಂಡೆ. ಮೂರನೆಯ ಗುರುವಾರ ಅವರ ಹಿಂದೆ ತೆಳ್ಳಗಿನ ಮುದುಕಿಯೊಬ್ಬಳು ಬಂದಳು. ಹೆಗಲ ಚೀಲ ಇಳಿಸಿ, ಅದರ ಬಾಯಿಯ ಗಂಟನ್ನು ಒಂದು, ಎರಡು, ಮೂರು ಸಲ ಎಳೆದು ನೋಡಿ, ನನ್ನ ಮೇಜಿನ ಕೆಳಗೆ ಇಟ್ಟಳು. ನಾನೇನು ಕದಿಯುತ್ತೇನೆಯೇ ಎಂದು ನನಗೆ ಕಿರಿಕಿರಿಯಾಯಿತು. ಆ ಹಾಳೆಯ ಮಾತು ನೆನಪಾದದ್ದು ಆಮೇಲೆ.

“ಓದಿ ಹೇಳ್ರಿ ಅಕಿಗೆ. ನನ್ನ ಬಾಯಿಂದ ಆಗವಲ್ದು” ಎಂದರು ಮಾಸ್ತರರು, ಗೋಡೆ ನೋಡುತ್ತ.

ಓದಿದೆ. ಬೂದೆಮ್ಮ ಸೆರಗಿನ ತುದಿ ಹಿಡಿದುಕೊಂಡು ಕೇಳಿದಳು. ಪಾಟಿ ಒಡೆದದ್ದು ಬಂದಾಗಲೂ ಮುಖ ಬದಲಾಗಲಿಲ್ಲ. ಮುಗಿದ ಮೇಲೆ ತಮ್ಮನ ಕಡೆ ತಿರುಗಿದಳು.

“ಅರವತ್ತು ವರ್ಷ ಆತಲ್ಲೋ ಪರಮಾ. ಗಂಟು ನಾನೇ ಸಡ್ಲ ಹಾಕಿದ್ದೆ ಅಂತ ತಿಳ್ಕೊಂಡಿದ್ದೆ.”

ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು. ಮಾಸ್ತರರು ಊರವರೆಲ್ಲರ ಮೇಲೆ ಅನುಮಾನ ಪಟ್ಟುಕೊಂಡು ಬದುಕಿದ್ದರು, ಈಕೆ ತನ್ನ ಎರಡು ಕೈಗಳ ಮೇಲೆ. ಮಾಸ್ತರರು ಅಕ್ಕನ ಕಾಲಿನ ಹತ್ತಿರ ನೆಲದ ಮೇಲೆ ಕೂತುಬಿಟ್ಟರು.

ಬೂದೆಮ್ಮ ಹಾಳೆಗಳನ್ನು ಕೇಳಿದಳು. ಅವರು ತಂದಿದ್ದ ಕಟ್ಟಿನಿಂದ ಆ ಒಂಬತ್ತನ್ನು ತೆಗೆದು ಕೊಟ್ಟೆ. ಅಚ್ಚುಕಟ್ಟಾದ ಮೂಲೆಗಳನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

“ಕತ್ತರಿ ಕೊಡವ್ವಾ.”

ಒಂದೊಂದೇ ಹಾಳೆಯ ಎಡ ಮೂಲೆಯನ್ನು ಅರ್ಧಚಂದ್ರವಾಗಿ ಕತ್ತರಿಸಿದಳು. ಒಂಬತ್ತೂ ಒಂದೇ ಅಳತೆ. “ನಮ್ಮ ಹಿಂಡಿನ ಗುರುತು” ಎಂದು ನನಗೆ ಹೇಳಿದಳು, ತಮ್ಮನಿಗಲ್ಲ. ಉಳಿದ ಹಾಳೆಗಳ ಮೇಲೆ ಅವನ್ನಿಟ್ಟು, ಬಟ್ಟೆ ಸುತ್ತಿ, ಗಂಟು ಹಾಕಿ, ಮೂರು ಸಲ ಎಳೆದು ನೋಡಿದಳು.

ನಾನು ಪರದೆಯ ಮೇಲೆ ಆಸಕ್ತಿಯಿಲ್ಲದೆ ಶಾಲೆ ಬಿಟ್ಟಳು ಎಂಬ ಚೀಟಿಯನ್ನು ತೋರಿಸಿದೆ. ಮಾಸ್ತರರು ನೆಲದಿಂದ ಎದ್ದು ಬಂದು ತಾವೇ ಗುಂಡಿ ಒತ್ತಿ ಅದನ್ನು ಅಳಿಸಿದರು. ಒಂಬತ್ತು ಹಾಳೆಗಳು ಪುಸ್ತಕದ ಮೊದಲಿಗೆ ಬರಲಿ, ಆ ಮೂಲೆಯೂ ಕಾಣಲಿ, ಇನ್ನೊಮ್ಮೆ ಸ್ಕ್ಯಾನ್ ಮಾಡಿ ಎಂದರು.

“ಹಂಗಾದ್ರ ಗಂಟು ಬಿಚ್ಚಿ ಕೊಡ್ರಿ ಸರ್ರ” ಎಂದೆ.

ಅವರು ಬಹಳ ಹೊತ್ತು ಉಗುರಿನಿಂದ ಕೆದಕಿದರು, ಹಲ್ಲು ಹಚ್ಚಿದರು. ಆಗಲಿಲ್ಲ. ಕಡೆಗೆ ಬೂದೆಮ್ಮನೇ ಬಿಚ್ಚಿ ಕೊಟ್ಟಳು.