ಚಿಕ್ಕಪ್ಪ ಬೆಟ್ಟ ಕಾಯಲು ಹೋದ ಬೇಸಿಗೆಗಳು

ನನಗೆ ಮದುವೆ ಗೊತ್ತಾಗಿದ್ದ ವರ್ಷ. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಒಂದು ಸಂಜೆ ಹಲಸೂರಿನ ನಮ್ಮ ಮನೆ ಮುಂದೆ ಜಟಕಾ ನಿಂತು ಚಿಕ್ಕಮ್ಮ, ಚಿಕ್ಕಪ್ಪ ಇಳಿದರು. ಕೈಯಲ್ಲಿ ಒಂದು ಗಂಟು ಮಾತ್ರ. ಚಾಮರಾಜನಗರದ ಕಡೆ ಬೆಟ್ಟದ ಮೇಲಿದ್ದ ಅವರ ಊರು ಕಾಡ್ಗಿಚ್ಚಿನಲ್ಲಿ ಸುಟ್ಟುಹೋಗಿತ್ತು. ಚಿಕ್ಕಮ್ಮನ ಸೀರೆಯ ಹೊಗೆ ವಾಸನೆ ಅಮ್ಮ ಎಷ್ಟು ಒಗೆದರೂ ಹೋಗಲಿಲ್ಲ, ಅಥವಾ ನನಗೆ ಹಾಗನ್ನಿಸುತ್ತಿತ್ತು.

ಕೆಲವೇ ದಿನಗಳಲ್ಲಿ ಚಿಕ್ಕಮ್ಮ ರಸೆಲ್ ಮಾರುಕಟ್ಟೆಯ ಸಾಹೇಬರೊಬ್ಬರ ಅಂಗಡಿಗೆ ಹೂ ಕಟ್ಟಿಕೊಡತೊಡಗಿದಳು. ಮಧ್ಯಾಹ್ನ ಮಲ್ಲಿಗೆ ರಾಶಿಯ ಮುಂದೆ ಕೂತು, ಕಂಡ ಕನಸು ಹೇಳುವ ಹಾಗೆ ಬೆಂಕಿಯ ವಿಷಯ ಹೇಳುತ್ತಿದ್ದಳು. ಮೊದಲು ಎದುರಿನ ಗುಡ್ಡದಲ್ಲಿ ಕೆಂಪು ದಾರ ಎಳೆದಂತೆ ಕಂಡಿತಂತೆ. ಎಲ್ಲರೂ ಅಂಗಳದಲ್ಲಿ ನಿಂತು ನೋಡಿದರಂತೆ. "ಚೆನ್ನಾಗಿತ್ತು ಕಣೇ," ಎನ್ನುತ್ತಿದ್ದಳು. ಆಮೇಲೆ ಗಾಳಿ ತಿರುಗಿತು. ದನಗಳ ಹಗ್ಗ ಬಿಚ್ಚಿ, ಹಳ್ಳಕ್ಕೆ ಓಡಿ, ಒದ್ದೆ ಕಂಬಳಿ ಹೊದ್ದು ನೀರಿನಲ್ಲೇ ಕೂತರು.

"ಮೊದಲು ಚಳಿಗಾಲದಲ್ಲೇ ನಾವು ತರಗೆಲೆ ಸುಡ್ತಿದ್ವಿ, ಬೇಸಿಗೇಲಿ ಬೆಂಕಿಗೆ ಮೇವು ಸಿಗ್ತಿರಲಿಲ್ಲ. ಸರ್ಕಾರ ಬೇಡ ಅಂತು," ಎನ್ನುತ್ತಿದ್ದರು ಚಿಕ್ಕಪ್ಪ. ಅಷ್ಟೇ ಅವರ ಮಾತು. ಬೆಂಕಿಯಾದ ಮೇಲೆ ಅಲ್ಲಿ ಮತ್ತೆ ಮನೆ ಕಟ್ಟಬಾರದೆಂದೂ ಅಪ್ಪಣೆಯಾಗಿತ್ತು. ಅವರು ಹಲಸೂರು ಕೆರೆ ಏರಿಯ ಮೇಲೆ ಕೂತು, ನೀರಿನಾಚೆ ಬೆಟ್ಟವಿದೆಯೇನೋ ಎಂಬಂತೆ ನೋಡುತ್ತಿದ್ದರು.

ಸಂಕ್ರಾಂತಿ ಮುಗಿದ ಮೇಲೆ ಅವರ ಊರಿನವರೊಬ್ಬರು ಬಂದು ಹೊಸ ಸುದ್ದಿ ಹೇಳಿದರು. ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಬೆಟ್ಟ ಕಾಯಲು ಆ ಊರಿನ ಗಂಡಸರನ್ನೇ ಅರಣ್ಯ ಇಲಾಖೆ ಕೂಲಿಗೆ ಇಟ್ಟುಕೊಳ್ಳುತ್ತದಂತೆ. ಸಂಸಾರ ಮಾತ್ರ ಕೆಳಗೇ ಇರಬೇಕು.

"ನಿನ್ನ ಬಿಟ್ಟು ಹೋಗಲ್ಲ ಬಿಡು," ಅಂದರು ಚಿಕ್ಕಪ್ಪ.

ಚಿಕ್ಕಮ್ಮ ಹೂವಿನಿಂದ ಕಣ್ಣೆತ್ತಲಿಲ್ಲ. "ಹೋಗ್ಬನ್ನಿ. ಇಲ್ಲಿ ಕೂತಿದ್ರೂ ನೀವು ಇಲ್ಲಿಲ್ಲ. ಮಳೆ ಬಿದ್ಮೇಲೆ ಬಂದ್ಬಿಡಿ. ನನ್ನನ್ನ ಮಾತ್ರ ಅಲ್ಲಿಗೆ ಕರೀಬೇಡಿ."

ಅವರು ಹೋದರು. ಮೊದಲ ಮಳೆಯ ಮರುವಾರ ಕಪ್ಪಾಗಿ, ಸೊರಗಿ, ನಗುತ್ತಾ ಬಂದರು. ಅಷ್ಟು ಮಾತಾಡುವ ಚಿಕ್ಕಪ್ಪನನ್ನು ನಾನು ಕಂಡಿದ್ದೇ ಇಲ್ಲ. ಚಿಕ್ಕಮ್ಮ ನೀರು ಕಾಯಿಸಿ ಅವರ ಬೆನ್ನು ಉಜ್ಜುತ್ತಾ, ಸುಟ್ಟ ಕಲೆಗಳಿವೆಯೇ ಎಂದು ಹುಡುಕುತ್ತಿದ್ದಳು. ಮದುವೆಯಾಗಲಿದ್ದ ನಾನು ಬಾಗಿಲ ಮರೆಯಿಂದ ಅದನ್ನು ನೋಡಿ, ಏಕೋ ಅತ್ತುಬಿಟ್ಟೆ.

ಹೀಗೇ ವರ್ಷಗಳು ಕಳೆದವು. ಸ್ವಾತಂತ್ರ್ಯ ಬಂದ ಮೇಲೆ ಊರಿನವರು ವಾಪಸು ಹೋಗಬಹುದೆಂದು ಆದೇಶ ಬಂತು. ಹೆರಿಗೆಗೆ ಬಂದಿದ್ದ ನಾನು ಕೇಳಿದೆ, "ಹೋಗ್ತೀಯಾ ಚಿಕ್ಕಮ್ಮ?"

"ನೋಡ್ಕೊಂಡು ಬರ್ತೀನಿ."

ಆ ಮಳೆಗಾಲ ಇಬ್ಬರೂ ಹೋದರು. ವಾರದೊಳಗೆ ಚಿಕ್ಕಮ್ಮ ಒಬ್ಬಳೇ ಹಿಂತಿರುಗಿದಳು. ನನ್ನ ಮಗುವನ್ನು ಮಡಿಲಿಗೆ ಹಾಕಿಕೊಂಡು ಹೇಳಿದಳು: "ಎಲ್ಲಾ ಹಸಿರಾಗ್ಬಿಟ್ಟಿದೆ. ಹುಲ್ಲು ಆಳುದ್ದ. ನಮ್ಮನೆ ಎಲ್ಲಿತ್ತು ಅಂತ ನಂಗೆ ಗೊತ್ತೇ ಆಗ್ಲಿಲ್ಲ. ಅವರಿಗೆ ಗೊತ್ತಾಯ್ತು, ಅಲ್ಲೇ ಗುಡಿಸಲು ಹಾಕ್ತಿದಾರೆ."

ದುಃಖವಿರಲಿಲ್ಲ ಅವಳ ದನಿಯಲ್ಲಿ. ದೀಪಾವಳಿಗೆ ಚಿಕ್ಕಪ್ಪ ಬರುತ್ತಾರೆಂದಳು. ಬಂದರು ಕೂಡ.