ಹೂಜಿ ಗಿಡದ ಹತ್ತಿರ ಕೇಳಿಸಿದ ಮಾತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲೆಲ್ಲ ನಾನು ನಗುತ್ತಿದ್ದೆ. ಇಂದಿಗೂ ದೆವ್ವ ಭೂತಗಳನ್ನು ನಂಬುವವನಲ್ಲ. ಆದರೆ ನನಗೇ ಆದದ್ದನ್ನು ಇಲ್ಲವೆನ್ನುವುದು ಹೇಗೆ?

೧೯೨೬ ಇಲ್ಲವೆ ೨೭ ಇರಬೇಕು. ನಾನಾಗ ಬೆಳಗಾವಿಯಲ್ಲಿ ಸಾಲೆಯ ಮಾಸ್ತರ. ಅಸ್ಸಾಮಿನಲ್ಲಿ ನೌಕರಿಗಿದ್ದ ಗೆಳೆಯನೊಬ್ಬ ರಜೆಗೆ ಬಂದಾಗ ಒಂದು ಹೂಜಿ ಗಿಡ ತಂದುಕೊಟ್ಟ. ಅದರ ಎಲೆಯ ತುದಿಗೆ ಮುಚ್ಚಳವಿರುವ ಪುಟ್ಟ ಹೂಜಿ ತೂಗುತ್ತದೆ. ಒಳಗಿನ ನೀರಿಗೆ ಬಿದ್ದ ಹುಳವನ್ನು ಗಿಡ ಅರಗಿಸಿಕೊಳ್ಳುತ್ತದೆ. ನಮ್ಮ ಕಡೆಯ ಹವೆಗೆ ಗಾಜಿನ ಪೆಟ್ಟಿಗೆಯ ಹೊರಗೆ ಇದು ಬದುಕಲಾರದು ಎಂದು ಅವನೇ ಹೇಳಿದ್ದ. ನನಗೆ ಹಟ. ತೆಂಗಿನ ನಾರು, ಇದ್ದಿಲ ಚೂರು ತುಂಬಿದ ಬುಟ್ಟಿಯಲ್ಲಿ ನೆಟ್ಟು, ಮುಂಬಾಗಿಲ ಕಟ್ಟೆಯ ಮೇಲೆ ತೂಗುಹಾಕಿ, ಸುತ್ತ ಒದ್ದೆ ಗೋಣಿತಟ್ಟು ಇಳಿಬಿಟ್ಟೆ. ಬೇಸಗೆಯ ಒಣಗಾಳಿಗೆ ಹೂಜಿಗಳೆಲ್ಲ ಕರಿಯಾಗಿ ಉದುರಿದವು. ಮಳೆ ಹಿಡಿದ ಮೇಲೆ ಹೊಸವು ಬಂದವು.

ನಾವು ಜೈನರು. ನೀರಿಗೆ ಇರುವೆ ಬಿದ್ದರೆ ಊಟ ಬಿಟ್ಟೆದ್ದು ಅದನ್ನು ಎತ್ತುವವಳು ನನ್ನ ಅವ್ವ. "ಜೀವಾ ತಿನ್ನೂ ಗಿಡಾ ನಮ್ಮ ಮನಿಯಾಗ ಬ್ಯಾಡೋ ತಮ್ಮಾ" ಎಂದಳು. ನಾನು ಕೇಳಲಿಲ್ಲ. ಕೊನೆಗೆ ಅವಳೇ ಪ್ರತಿಯೊಂದು ಹೂಜಿಯ ಬಾಯಿಗೂ ತೆಳ್ಳನೆಯ ಮಲಮಲ್ ಬಟ್ಟೆ ಕಟ್ಟಿದಳು.

ಆ ಮಳೆಗಾಲದಲ್ಲಿ ಖಾನಾಪುರದ ನನ್ನ ತಂಗಿಗೆ ದಿನ ತುಂಬಿತ್ತು. ಪ್ರಯಾಣ ಮಾಡುವ ಶಕ್ತಿ ಅವಳಿಗಿರಲಿಲ್ಲವೆಂದು ಅವ್ವನೇ ಅಲ್ಲಿಗೆ ಹೋದಳು. ಒಂದು ಸಂಜೆ ನಾನು ಗೋಣಿತಟ್ಟಿಗೆ ನೀರು ಚಿಮುಕಿಸುತ್ತಿದ್ದೆ. ಬೆನ್ನ ಹಿಂದೆಯೇ ಅವ್ವನ ಧ್ವನಿ ಕೇಳಿಸಿತು.

"ಬಾಯಿ ಬಿಚ್ಚ, ಲಗೂನ! ಉಸರು ಕಟ್ಟೇತಿ!"

ಅವಳು ಊರಲ್ಲಿಲ್ಲ ಎಂಬುದು ನೆನಪಿಗೇ ಬರಲಿಲ್ಲ. "ಬಿಚ್ಚತೀನವ್ವಾ" ಎನ್ನುತ್ತ ಬಟ್ಟೆಗಳನ್ನೆಲ್ಲ ಅವಸರದಿಂದ ಕಿತ್ತೆ. ಹೆಂಡತಿ ಒಳಗಿನಿಂದ ಬಂದು, "ಯಾರ ಜೋಡಿ ಮಾತಾಡಾಕತ್ತೀರಿ?" ಎಂದಳು. ಅವಳಿಗೆ ನನ್ನ ಮಾತಷ್ಟೇ ಕೇಳಿಸಿತ್ತು. ಅವ್ವ ಖಾನಾಪುರದಲ್ಲಿದ್ದಾಳೆಂಬುದು ಆಗ ನೆನಪಾಯಿತು.

ಮರುದಿನ ಬೆಳಗಿನ ಗಾಡಿಗೆ ಖಾನಾಪುರಕ್ಕೆ ಹೋದೆ. ತಂಗಿ ನಿತ್ರಾಣವಾಗಿ ಮಲಗಿದ್ದಳು, ಬದಿಯಲ್ಲಿ ಗಂಡುಕೂಸು. ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಹುಟ್ಟಿತಂತೆ. ಅಳಲಿಲ್ಲವಂತೆ, ಮೈಯೆಲ್ಲ ನೀಲಿಗಟ್ಟಿತ್ತಂತೆ. ಸೂಲಗಿತ್ತಿ ಬಾಯಲ್ಲಿ ಬೆರಳಾಡಿಸಿ ಲೋಳೆ ತೆಗೆದ ಮೇಲೆ ಉಸಿರು ಬಂತಂತೆ.

ಅವ್ವನನ್ನು ಹಿತ್ತಲಿಗೆ ಕರೆದೆ. "ಬಾಯಿ ಬಿಚ್ಚ, ಉಸರು ಕಟ್ಟೇತಿ ಅಂತ ಸೂಲಗಿತ್ತಿಗೆ ನೀನೇ ಹೇಳಿದೇನು?"

ಅವಳ ಮುಖ ಬಿಳಿಚಿಕೊಂಡಿತು. "ಹಂಗ ಒದರಬೇಕಂತ ಮಾಡಿದ್ನೋ ತಮ್ಮಾ. ಗಾಬರಿಗೆ ಧ್ವನೀನೇ ಹೊಂಡಲಿಲ್ಲ, ಒಂದಕ್ಷರಾನೂ ಹೊಂಡಲಿಲ್ಲ. ನಿನಗ ಯಾರು ಹೇಳಿದ್ರು?"

ಕೇಳಿಸಿದ್ದನ್ನು ಹೇಳಿದೆ. "ತಂಗೀಗೆ ಹೇಳಬ್ಯಾಡ" ಎಂದಳು. ಹೇಳಲಿಲ್ಲ. ಅವ್ವ ಬದುಕಿರುವವರೆಗೆ ನಾವಿಬ್ಬರೂ ಮತ್ತೆ ಆ ಮಾತು ತೆಗೆಯಲೂ ಇಲ್ಲ.

ಕಿವಿ ಮೋಸ ಮಾಡಿರಬೇಕು ಎಂದುಕೊಂಡರೆ, ಅವೇ ಮಾತುಗಳು ಹೇಗೆ ಕೇಳಿಸಿದವು? ನನಗೆ ತಿಳಿಯದು. ಈಗಲೂ ಮನೆಯಲ್ಲಿ ಯಾರಾದರೂ ಹಿಂದಿನಿಂದ ಕರೆದರೆ, ಯಾರು ಯಾರು ಎಲ್ಲೆಲ್ಲಿದ್ದಾರೆಂದು ನೆನಪು ಮಾಡಿಕೊಂಡ ಮೇಲೆಯೇ ಓಗೊಡುತ್ತೇನೆ.